ಹತ್ತು ಗಂಟೆಯ ರೂಲು ಮಕ್ಕಳಿಗೆ ಮಾತ್ರವಾ?

ಹೊಟ್ಟೆ ಉರಿಯುತ್ತದೆ ಮಾರಾಯ್ರೇ, ಹೇಳದೆ ಇರಲಿಕ್ಕೆ ಆಗುವುದಿಲ್ಲ.

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಊರಿನ ವಾರ್ಷಿಕೋತ್ಸವ, ಅದರಲ್ಲಿ ನಮ್ಮ ಮಕ್ಕಳ ಯಕ್ಷಗಾನವೂ ಇತ್ತು. 6ಕ್ಕೆ ಸಭೆ, 7ರಿಂದ ಊರ ಪ್ರತಿಭೆಗಳ ಸಾಂಸ್ಕೃತಿಕ ವೈವಿಧ್ಯ ಎಂದು ಅಚ್ಚು ಹಾಕಿಸಿದ್ದರು. ಸಭೆ ಮುಗಿಯುವಾಗ ಒಂಬತ್ತು ಕಾಲು! ವೇದಿಕೆ ತುಂಬ ಗಣ್ಯರು. ಒಬ್ಬೊಬ್ಬರಿಗೂ ಶಾಲು, ಸ್ಮರಣಿಕೆ, ಫೋಟೋ. ಒಬ್ಬರು ಬಿಟ್ಟ ಮಾತನ್ನು ಇನ್ನೊಬ್ಬರು ಹಿಡಿದು ಮುಂದುವರಿಸುವುದು. 1956ರಲ್ಲಿ ನಮ್ಮನ್ನು ಕೇರಳಕ್ಕೆ ಸೇರಿಸಿದ ಅನ್ಯಾಯ, ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬ, ರಾಷ್ಟ್ರಕವಿ ಮಂಜೇಶ್ವರದ ಗೋವಿಂದ ಪೈ, ಕವಿ ಕಯ್ಯಾರ ಕಿಞ್ಞಣ್ಣ ರೈಯವರು, ಎಲ್ಲ ಬಂತು. ಗಡಿನಾಡಿನಲ್ಲಿ ಕನ್ನಡ ಉಳಿಯಬೇಕಂತೆ, ಮಕ್ಕಳಿಗೆ ಕಲಿಸಬೇಕಂತೆ.

ಕಲಿತ ಮಕ್ಕಳು ಆಗ ಎಲ್ಲಿದ್ದರು? ಬಣ್ಣ ಹಚ್ಚುವ ಚೌಕಿಯಲ್ಲಿ, ಬೆವರುತ್ತಾ!

ನನ್ನ ಮಗನದ್ದು ಮಹಿಷಾಸುರ. ಮಧ್ಯಾಹ್ನವೇ ಮುಖಕ್ಕೆ ಬಣ್ಣ ಹಾಕಿ ಕೂತವನು. ಅಕ್ಕಿ ಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚುಕ್ಕಿ ಚುಕ್ಕಿಯಾಗಿ ಒಂದೊಂದೇ ಚಿಟ್ಟಿ ಇಡುವಾಗ ನಗುವ ಹಾಗಿಲ್ಲ, ಬಾಯಿ ತೆರೆಯುವ ಹಾಗಿಲ್ಲ. ಅದರ ಮೇಲೆ ಸೊಂಟಕ್ಕೆ ಬಿಗಿಯಾಗಿ ಹಗ್ಗದ ಕಟ್ಟು. ಒಮ್ಮೆ ಕಟ್ಟಿದರೆ ಮೂತ್ರಕ್ಕೆ ಹೋಗಲಿಕ್ಕೆ ಇಲ್ಲ ಎಂದು ಮಕ್ಕಳು ನೀರು ಸಹ ಕುಡಿಯುವುದಿಲ್ಲ. ದೇವೇಂದ್ರನ ವೇಷದ ಪುಟ್ಟ ಹುಡುಗಿ ಕಿರೀಟದ ಭಾರಕ್ಕೆ ಕುತ್ತಿಗೆ ನೋಯುತ್ತದೆಂದು ಅಮ್ಮನ ಮಡಿಲಿಗೆ ತಲೆ ಕೊಟ್ಟಿದ್ದಳು. ವೇಷಭೂಷಣದ ಬಾಡಿಗೆ, ಹಾಡುವ, ಚೆಂಡೆ ಮದ್ದಳೆ ಬಾರಿಸುವ ಹಿಮ್ಮೇಳದ ಸಂಭಾವನೆ ಎರಡೂ ಪೋಷಕರದ್ದೇ, ಸಮಿತಿಯದ್ದಲ್ಲ.

ಭಜನೆ ಮಂಡಳಿಯವರ ಕುಣಿತ ಭಜನೆ, ಕುಟುಂಬಶ್ರೀ ಸ್ವಸಹಾಯ ಸಂಘದ ಹೆಂಗಸರ ತಿರುವಾದಿರ ಕುಣಿತ ಹೇಗೋ ಓಡಿಸಿ ಮುಗಿಸಿದರು. ನಮ್ಮ ಮಕ್ಕಳ ಆಟಕ್ಕೆ ಚೆಂಡೆ ಬಿದ್ದದ್ದು ಹತ್ತಕ್ಕೆ ಹತ್ತು ನಿಮಿಷ ಇರುವಾಗ. ದೇವೇಂದ್ರನ ಒಡ್ಡೋಲಗ, ಅಂದರೆ ಮೊದಲ ಸಭೆಯ ಪ್ರವೇಶ, ಆಗುತ್ತಾ ಇತ್ತಷ್ಟೆ, ಸಮಿತಿಯ ಒಬ್ಬರು ಬಂದು ಹಾಡುವ ಭಾಗವತರ ಕಿವಿಯಲ್ಲಿ, "ಸಾಕು, ಮಂಗಳ ಹಾಡಿ, ಹತ್ತರ ಮೇಲೆ ಮೈಕ್ ಹಾಕಿದರೆ ಪೊಲೀಸ್ ಕೇಸು." ಭಾಗವತರು ಇನ್ನೊಂದೇ ಪದ್ಯ ಎಂದು ಕೇಳಿಕೊಂಡರು. ಕೇಳಲಿಲ್ಲ, ಮೈಕ್ ಬಂದ್.

ಅಷ್ಟು ಹೊತ್ತಿಗೆ ನನ್ನ ಮಗ ಕೊಂಬು ಕಟ್ಟಿಕೊಂಡು ಸಭೆಯ ಹಿಂದೆ ನಿಂತಿದ್ದ, ಜನರ ನಡುವೆ ಆರ್ಭಟಿಸುತ್ತಾ ರಂಗಕ್ಕೆ ಬರಬೇಕಿತ್ತು. ಮಳೆಗಾಲ ಇಡೀ ಅಭ್ಯಾಸ ಮಾಡಿದ್ದು ಆ ಪ್ರವೇಶವನ್ನೇ. ಯಾರಾದರೂ ಕರೆಯಲಿ ಎಂದು ಅವನು ಕಾಯುತ್ತಾ ಇದ್ದ, ಇತ್ತ ಕುರ್ಚಿ ಮಡಚಲಿಕ್ಕೆ ಸುರು ಮಾಡಿದರು.

ಹತ್ತರ ನಂತರ ಧ್ವನಿವರ್ಧಕ ಕೂಡದು ಎಂಬ ಕಾನೂನು ಭಾಷಣ ಮಾಡುವವರಿಗೆ ಗೊತ್ತಿರಲಿಲ್ಲವಾ? ಎಷ್ಟೋ ಯಕ್ಷಗಾನ ಮೇಳದವರು ಇಡೀ ರಾತ್ರಿಯ ಆಟವನ್ನು ಕೆಲವು ಗಂಟೆಗಳ ಕಾಲಮಿತಿಗೆ ತಂದುಕೊಂಡಿಲ್ಲವಾ? ಅವರಿಗೆ ಆದದ್ದು ನಿಮಗೆ ಯಾಕೆ ಆಗುವುದಿಲ್ಲ? ಮಲಯಾಳಂ, ಇಂಗ್ಲಿಷ್ ಮೀಡಿಯಂಗೆ ಹೋಗುವ ಈ ಮಕ್ಕಳು ತಡವರಿಸದೆ ಉದ್ದುದ್ದ ಕನ್ನಡ ಮಾತಾಡುವುದು ವೇಷ ಹಾಕಿ ಅರ್ಥ, ಅಂದರೆ ಪಾತ್ರದ ಮಾತು, ಹೇಳುವಾಗ ಮಾತ್ರ. ಅದನ್ನೇ ನಿಲ್ಲಿಸಿ ಕನ್ನಡ ಉಳಿಸುವುದು ಹೇಗೆ ಸ್ವಾಮಿ?

ಮರುದಿನ ವಿಚಾರಿಸಿದರೆ, "ಬರುವ ವರ್ಷ ನೋಡುವ ಅಕ್ಕ" ಎಂದರು. ನೋಡುವುದೆಲ್ಲ ಬೇಡ. 6ಕ್ಕೆ ಮಕ್ಕಳದ್ದು, ಆಮೇಲೆ ಸಭೆ. ಮುಂದಿನ ಸಲದ ಸಮಿತಿ ಸಭೆಯಲ್ಲಿ ಪೋಷಕರೆಲ್ಲ ಒಟ್ಟಿಗೆ ಬಂದು ಇದನ್ನು ಬರೆಸುತ್ತೇವೆ. ಬರೆಯದಿದ್ದರೆ ನಮ್ಮ ಮನೆಯಿಂದ ವಂತಿಗೆಯೂ ಇಲ್ಲ, ವೇಷವೂ ಇಲ್ಲ.