ಬಳ್ಳಿ ಸುತ್ತಿದ್ದರೆ ಸಿಸೇರಿಯನ್ ಯಾಕೆ?

ಸ್ಕ್ಯಾನಿಂಗ್‌ನಲ್ಲಿ ಹೊಕ್ಕುಳ ಬಳ್ಳಿ ಮಗುವಿನ ಕುತ್ತಿಗೆಗೆ ಸುತ್ತಿದ್ದು ಕಂಡರೆ ಉಸಿರು ಕಟ್ಟುವ ಮುಂಚೆ ಸಿಸೇರಿಯನ್ ಮಾಡಿಸಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಲ್ಲ, ಇದನ್ನು ಒಪ್ಪಲು ಆಗಲ್ಲ. ಹೊಟ್ಟೆಯೊಳಗಿನ ಮಗು ಮೂಗಿನಿಂದ ಉಸಿರಾಡುವುದೇ ಇಲ್ಲ, ಆಮ್ಲಜನಕ ಬರುವುದು ಅದೇ ಬಳ್ಳಿಯ ರಕ್ತದಿಂದ. ಬಳ್ಳಿ ಒತ್ತಿಹೋಗಿ ಎದೆಬಡಿತ ಇಳಿಯುತ್ತಿದೆಯಾ ಅಂತ ನೋಡಬೇಕು, ಇಳಿದರೆ ಸಿಸೇರಿಯನ್‌ಗೆ ನನ್ನ ತಕರಾರಿಲ್ಲ. ಆದರೆ ಸುಮಾರು 4-5 ಹೆರಿಗೆಗೆ ಒಂದರಲ್ಲಿ ಹೀಗೆ ಸುತ್ತಿರುತ್ತದೆ, ಎಲ್ಲರಿಗೂ ಹೊಟ್ಟೆ ಕೊಯ್ಯಬೇಕಾ?

ನನ್ನ ನಾದಿನಿಯ ಹೆರಿಗೆಗೆ ನಾನೇ ಜೊತೆಗಿದ್ದೆ. ತಲೆ ಹೊರಗೆ ಬಂದ ಕೂಡಲೇ ನರ್ಸ್ ಕುತ್ತಿಗೆ ಹತ್ತಿರ ಬೆರಳು ತೂರಿಸಿ ನೋಡಿದರು, ಒಂದು ಸುತ್ತು ಸಡಿಲವಾಗಿತ್ತು, ಅದನ್ನು ಮೆಲ್ಲಗೆ ತಲೆ ಮೇಲಿಂದ ದಾಟಿಸಿ ತೆಗೆದರು, ಮುಂದಿನ ನೋವಿಗೆ ಮಗು ಬಂದು ಜೋರಾಗಿ ಅತ್ತಿತು. ತೀರಾ ಬಿಗಿಯಾಗಿದ್ದರೆ ಬಳ್ಳಿಗೆ ಎರಡು ಕಡೆ ಕ್ಲಾಂಪ್ (ಬಿಗಿಹಿಡಿಯುವ ಚಿಮಟ) ಹಾಕಿ ನಡುವೆ ಅಲ್ಲೇ ಕತ್ತರಿಸುತ್ತಾರಂತೆ.

ಹೀಗೆ ಬಳ್ಳಿ ಸುತ್ತಿಕೊಂಡ ಮಗು ‘ಮಾಲೆ ಹಾಕಿಕೊಂಡು ಹುಟ್ಟಿದರೆ ಸೋದರಮಾವನಿಗೆ ಕಂಟಕ’ ಅನ್ನುವುದನ್ನು ನೀವು ತಳ್ಳಿಹಾಕಿದ್ದು ಮಾತ್ರ ತುಂಬಾ ಒಳ್ಳೆಯದಾಯಿತು. ನಮ್ಮ ಕಡೆ ಈಗಲೂ ಮಾವನಿಗೆ ಮೊದಲು ಎಣ್ಣೆಯಲ್ಲಿ ಮಗುವಿನ ಮುಖ ತೋರಿಸುತ್ತಾರೆ, ಹಸಿ ಬಾಣಂತಿ ಆಗ ತಪ್ಪು ಮಾಡಿದವಳ ಹಾಗೆ ತಲೆ ತಗ್ಗಿಸಿ ಕೂತಿರುತ್ತಾಳೆ, ನೋಡಿದರೆ ಹೊಟ್ಟೆ ಉರಿಯುತ್ತದೆ.