ದೃಷ್ಟಿಬೊಟ್ಟು ಇಡುತ್ತೇವೆ, ಸ್ಟೇಟಸ್‌ಗೂ ಹಾಕುತ್ತೇವೆ

ಕೊಪ್ಪಳದಲ್ಲಿ ಚಿಕ್ಕಪ್ಪನ ಮಗಳ ಮದುವೆ. ಊಟದ ಹಾಲ್ ಬಾಗಿಲಲ್ಲೇ ಕ್ಯೂಆರ್ ಕೋಡ್ ಅಂಟಿಸಿದ್ದರು. ಸ್ಕ್ಯಾನ್ ಮಾಡಿ ಸೆಲ್ಫಿ ಕೊಟ್ಟರೆ ನೀವಿರುವ ಫೋಟೊ ಎಲ್ಲಾ ಮೊಬೈಲ್‌ಗೆ ಬರುತ್ತವೆ. ತಮ್ಮ ನನ್ನ ಮಗಳ ಮುಖ ಹಿಡಿದ. ಅವಳು ಉಂಡದ್ದು, ಅತ್ತದ್ದು, ಅಜ್ಜಿ ತೊಡೆ ಮೇಲೆ ಮಲಗಿದ್ದು, ಒಂದೂ ತಪ್ಪಿಲ್ಲ! ಎಲ್ಲರಿಗೂ ಭಾರಿ ಖುಷಿ. ನನಗೆ ಮಾತ್ರ ಚುರುಕ್ ಅಂದಿತು. ಅವಳೊಬ್ಬಳನ್ನು ಹುಡುಕಿ ಕೊಡಬೇಕಾದರೆ ಮದುವೆಗೆ ಬಂದವರೆಲ್ಲರ ಮುಖವನ್ನೂ ಅದು ಅಳೆದಿರಬೇಕಲ್ವಾ? ಯಾರನ್ನು ಕೇಳಿ?

ನಾನಿರುವುದು ಹ್ಯಾಂಬರ್ಗ್‌ನಲ್ಲಿ. ಅಲ್ಲಿ ಮಗಳನ್ನು ಶಿಶುವಿಹಾರಕ್ಕೆ ಸೇರಿಸುವಾಗ ಫೋಟೊಗೇ ಬೇರೆ ಫಾರ್ಮು. ಗೋಡೆಗೆ ಹಾಕಬಹುದಾ, ವೆಬ್‌ಸೈಟ್‌ಗೆ ಹಾಕಬಹುದಾ, ಒಂದೊಂದಕ್ಕೂ ಒಪ್ಪಿಗೆ. ಕೇಳದೆ ಯಾರ ಚಿತ್ರವನ್ನೂ ಪ್ರಕಟಿಸಬಾರದು ಅಂತ ಜರ್ಮನಿಯಲ್ಲಿ 1907ರಲ್ಲೇ ಕಾನೂನು ಬಂದಿದೆ. 1898ರಲ್ಲಿ ಬಿಸ್ಮಾರ್ಕ್ ತೀರಿಕೊಂಡಾಗ ಇಬ್ಬರು ಫೋಟೊಗ್ರಾಫರ್‌ಗಳು ಕೋಣೆಗೆ ನುಗ್ಗಿ ಹೆಣದ ಫೋಟೊ ಹೊಡೆದಿದ್ದರು. ಆ ರಗಳೆಯಿಂದ ಶುರುವಾದದ್ದು ಇದು.

ನಮ್ಮ ಮನೆಯಲ್ಲಿ? ಕೂಸಿನ ಕೆನ್ನೆಗೆ ಕಪ್ಪು ಬೊಟ್ಟು ಇಡುತ್ತಾರೆ, ಸಂಜೆ ಉಪ್ಪು ಮೆಣಸಿನಕಾಯಿ ಇಳಿಸುತ್ತಾರೆ. ಅದೇ ಕೂಸಿನ ಮುಖ ಸ್ವಲ್ಪ ಹೊತ್ತಿಗೆ ಸ್ಟೇಟಸ್‌ನಲ್ಲಿ, ಫೇಸ್‌ಬುಕ್‌ನಲ್ಲಿ, ಹುಟ್ಟುಹಬ್ಬ ಬಂದರೆ ಅಶೋಕ ಸರ್ಕಲ್ಲಿನ ಫ್ಲೆಕ್ಸ್‌ನಲ್ಲಿ. ಊರವರ ಕಣ್ಣು ಬೀಳಬಾರದು, ಕಂಪನಿಯ ಕಣ್ಣು ಬಿದ್ದರೆ ನಡೆಯುತ್ತದೆ. ಏನಾದರೂ ಅಂದರೆ ಅಮ್ಮ, ‘ಮಾರಿ ಏನ್ ಮುಚ್ಚಿಡೋ ವಸ್ತುನಾ?’ ಅನ್ನುತ್ತಾಳೆ.

ಫೇಸ್‌ಬುಕ್ 2021ರಲ್ಲಿ 100 ಕೋಟಿಗೂ ಜಾಸ್ತಿ ಜನರ ಮುಖದ ಅಳತೆ ಅಳಿಸುತ್ತೇವೆ ಅಂತ ಹೇಳಿತು. ಸುಮ್ನೆ ಒಳ್ಳೆತನಕ್ಕೆ ಹೇಳಿದ್ದಲ್ಲ. ಒಪ್ಪಿಗೆ ಇಲ್ಲದೆ ಮುಖ ಅಳೆಯಬಾರದು ಅಂತ ಅಮೆರಿಕದ ಇಲಿನಾಯ್ ರಾಜ್ಯ 2008ರಲ್ಲೇ ಕಾನೂನು ಮಾಡಿತ್ತು. ಆ ಕಾನೂನಿನ ಮೇಲೆ ಬಿದ್ದ ಕೇಸಿನಲ್ಲಿ ಫೇಸ್‌ಬುಕ್ 65 ಕೋಟಿ ಡಾಲರ್ ಕಕ್ಕಬೇಕಾಯಿತು. ನಮ್ಮಲ್ಲೂ ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಕೇಸು ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ನಮ್ಮವರೇ. ಆದರೆ 2023ರ ಡೇಟಾ ರಕ್ಷಣೆ ಕಾಯ್ದೆ ನೋಡಿ: ನಾವೇ ಎಲ್ಲರಿಗೂ ಕಾಣುವಂತೆ ಹಾಕಿದ ಮಾಹಿತಿಗೆ ಅದು ಅನ್ವಯಿಸುವುದೇ ಇಲ್ಲ. ಸ್ವಂತ ಫೋಟೊವನ್ನು ಊರಿಗೆಲ್ಲಾ ತೆರೆದಿಡುವ ಜನರಿಗೆ ಇಂಥ ಕಾಯ್ದೆ!

ಹಾಗಂತ ಹ್ಯಾಂಬರ್ಗ್ ಸ್ವರ್ಗ ಏನಲ್ಲ, ಹೇಳಲೇಬೇಕು. ಮಗಳ ಗೆಳತಿಯರ ಜೊತೆಗಿನ ಫೋಟೊ ಯಾರಾದರೂ ಕಳಿಸಿದರೆ ಅರ್ಧ ಮಕ್ಕಳ ಮುಖದ ಮೇಲೆ ಹಳದಿ ಎಮೋಜಿ. ದೊಡ್ಡವಳಾದ ಮೇಲೆ ಅವಳು ಯಾರನ್ನು ಗುರುತು ಹಿಡಿಯಬೇಕು? ಇಷ್ಟು ಮುಚ್ಚಿಟ್ಟರೂ ಕ್ಲಿಯರ್‌ವ್ಯೂ ಎಐ ಅನ್ನುವ ಅಮೆರಿಕದ ಕಂಪನಿ ಇಂಟರ್‌ನೆಟ್ಟಿನಿಂದ ಫೋಟೊಗಳನ್ನು ಬಾಚಿಕೊಂಡಾಗ ಹ್ಯಾಂಬರ್ಗಿನವನೊಬ್ಬನ ಮುಖವೂ ಅದರಲ್ಲಿತ್ತು. ಅವನು ದೂರು ಕೊಟ್ಟ. 2021ರಲ್ಲಿ ಅಧಿಕಾರಿಗಳು ಅಳಿಸಿ ಅಂದದ್ದು ಅವನೊಬ್ಬನ ಮುಖದ ಅಳತೆಯನ್ನು ಮಾತ್ರ. ಉಳಿದವರು ಬೇಕಿದ್ದರೆ ತಾವೇ ಅರ್ಜಿ ಹಾಕಿಕೊಳ್ಳಲಿ ಅನ್ನುವ ಹಾಗೆ.