ಸ್ಪಷ್ಟನೆ: ಕ್ಯಾಂಪರ್ ವ್ಯಾನ್ ಸೋರಿಕೆಗೆ ಸಿಲಿಕಾನ್ ಮದ್ದಲ್ಲ

‘ಕ್ಯಾಂಪರ್ ವ್ಯಾನಿನ (ಒಳಗೇ ಮಲಗಿ ಪ್ರವಾಸ ಮಾಡುವ ಗಾಡಿ) ಚಾವಣಿ ಸೋರಿದರೆ, ಹನಿ ಬೀಳುವ ಜಾಗದ ನೇರ ಮೇಲೆ ಸಿಲಿಕಾನ್ ಅಂಟು ಬಳಿದರೆ ಸಾಕು’ ಎಂಬ ಸಂದೇಶ ಪುಣೆಯ ನಮ್ಮ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ಮಾತು ತಪ್ಪು.

ಹನಿ ಬೀಳುವಲ್ಲೇ ತೂತು ಇರಬೇಕೆಂದಿಲ್ಲ. ಚಾವಣಿಯ ವೆಂಟ್ (ಗಾಳಿಕಿಂಡಿ), ಏಸಿ, ಅಂಚಿನ ಸಂದಿಗಳಲ್ಲಿ ನುಸುಳಿದ ನೀರು ಒಳಪದರದಲ್ಲೇ ಹರಿದು ಎಲ್ಲೋ ದೂರದಲ್ಲಿ ತೊಟ್ಟಿಕ್ಕಬಹುದು. ಇನ್ನು ಸಿಲಿಕಾನ್: ಚಾವಣಿಗೆ ಹಾಸುವ ಇಪಿಡಿಎಂ ಎಂಬ ಕೃತಕ ರಬ್ಬರ್ ಹೊದಿಕೆಗೆ ಅದು ಸರಿಯಾಗಿ ಅಂಟುವುದಿಲ್ಲ, ಕಿತ್ತ ಮೇಲೆ ಉಳಿಯುವ ಜಿಡ್ಡಿನ ಮೇಲೆ ಬೇರೆ ಸೀಲಂಟೂ (ಸಂದಿ ಮುಚ್ಚುವ ಅಂಟು) ಹಿಡಿಯದು. (ಅದನ್ನು ಪೆಟ್ರೋಲಿನಿಂದ ಒರೆಸಲು ಹೋಗಬೇಡಿ, ರಬ್ಬರ್ ಉಬ್ಬುತ್ತದೆ.) ಹಳೆಯದನ್ನು ಕೆರೆದು ತೆಗೆದು, ವೆಂಟಿನ ಚೌಕಟ್ಟಿನಡಿ ಬ್ಯುಟೈಲ್ ಟೇಪ್ (ಮೆತ್ತನೆಯ ಅಂಟುಪಟ್ಟಿ), ಮೇಲೆ ಆ ಹೊದಿಕೆಗೆ ಹೊಂದುವ ಲ್ಯಾಪ್ ಸೀಲಂಟ್ (ಅಂಚು, ಸ್ಕ್ರೂಗಳ ಮೇಲೆ ಹಾಕುವ ಸೀಲಂಟ್) ಹಾಕಿ. ಪುಣೆ ಬಳಿಯ ತಾಮ್ಹಿಣಿ ಘಾಟಿನ ಮಳೆಗೆ ಗಾಡಿ ಒಡ್ಡುವ ಮುಂಚೆ, ಮೇ ತಿಂಗಳಲ್ಲೇ ಇದನ್ನು ಮಾಡಿ. ಒಳಗಿನ ಪ್ಲೈವುಡ್ ಬೆರಳಿಟ್ಟರೆ ಮೆತ್ತಗಿದೆಯೇ? ಹಾಗಿದ್ದರೆ ಆ ಹಲಗೆಯನ್ನೂ ಬದಲಿಸಬೇಕು.